ಬಾವಿ ದಂಡೆಯ ಗೊಡ್ಡು ತೊಗರಿ

ಬಸವೇಶ್ವರಿ ಬಿಎಸ್ಸಿ ಆನರ್ಸ್ ಅಗ್ರಿಕಲ್ಚರ್ ಮುಗಿಸಿ ಸುಲೇಪೇಟಕ್ಕೆ ಬಂದಿಳಿದ ದಿನ ಬಸ್‌ಸ್ಟ್ಯಾಂಡಿನಿಂದ ಮನೆತನಕ ಸಿಕ್ಕವರೆಲ್ಲ ಅವಳನ್ನು ನಿಲ್ಲಿಸಿ ಒಂದೇ ಪ್ರಶ್ನೆ ಕೇಳಿದರಂತೆ, ಹೊಲದ ಕೆಲಸ ಕಲಿಯಲಿಕ್ಕೆ ಡಿಗ್ರಿ ಯಾಕೆ ಬೇಕಿತ್ತು ಅಂತ. ಆನರ್ಸ್ ಅಂದರೆ ಏನು ಎಂದು ಒಬ್ಬರೂ ಕೇಳಲಿಲ್ಲ. ಕೇಳಿದ್ದರೆ ನಾನೇ ಹೇಳುತ್ತಿದ್ದೆ. ಆನರ್ಸ್ ಅಂದರೆ ನಾಲ್ಕು ವರ್ಷದ ಅಂಜಿಕೆ, ಬೇರೆ ಏನಲ್ಲ. ಅವಳು ಅಂಜಿದಳು, ಅವಳ ಜೊತೆ ನಾನೂ ಅಂಜಿದೆ. ಅದಕ್ಕೇ ಈ ಕಥೆ ಹೇಳಲು ನನ್ನಷ್ಟು ಹಕ್ಕು ಇನ್ಯಾರಿಗೂ ಇಲ್ಲ.

ನಾನು ಜಾನಕೀಬಾಯಿ. ಇಲ್ಲಿಯ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತಳಾದವಳು. ನನ್ನ ಸಿಟ್ಟಿಗೆ ಹೆದರಿ ಸಂಧಿ ಸಮಾಸ ಕಲಿತ ಹುಡುಗರು ಇವತ್ತು ಚಿಂಚೋಳಿಯ ಕಚೇರಿಗಳಲ್ಲಿ, ವಾಡಿಯ ಸಿಮೆಂಟ್ ಫ್ಯಾಕ್ಟರಿಯಲ್ಲಿ ದೊಡ್ಡ ದೊಡ್ಡ ಕುರ್ಚಿಯಲ್ಲಿ ಕೂತಿದ್ದಾರೆ. ದಾರಿಯಲ್ಲಿ ನನ್ನನ್ನು ಕಂಡರೆ ಈಗಲೂ ರಸ್ತೆಯ ಆಚೆ ಬದಿಗೆ ಸರಿಯುತ್ತಾರೆ. ಸರಿಯಲಿ. ನನ್ನ ಮನೆಗೂ ಕಲ್ಯಾಣಪ್ಪನ ಮನೆಗೂ ನಡುವೆ ಒಂದೇ ಗೋಡೆ. ಗೋಡೆಯ ಆಚೆ ಅವನ ಹೆಂಡತಿ ಭಾಗಮ್ಮ ರೊಟ್ಟಿ ಬಡಿಯುವ ಸಪ್ಪಳ ಕೇಳಿದ ಮೇಲೇ ನನಗೆ ಬೆಳಗಾಗುವುದು.

ಭಾಗಮ್ಮನಿಗೆ ಮಕ್ಕಳಾಗಲಿಲ್ಲ. ಊರು ಇದನ್ನು ಹೀಗೆ ಹೇಳುವುದಿಲ್ಲ. ಊರಿಗೆ ಅದಕ್ಕೆ ಗೊತ್ತಿರುವುದು ಒಂದೇ ಮಾತು, ಗೊಡ್ಡಿ. ಎರಡನೇ ಮದುವೆಯ ಮಾತೆತ್ತಿದವರನ್ನು ಕಲ್ಯಾಣಪ್ಪ ಹೊಸ್ತಿಲು ಹತ್ತಗೊಡಲಿಲ್ಲ, ಅಷ್ಟರ ಮಟ್ಟಿಗೆ ಗಂಡಸು. ಆದರೆ ಊರಿನ ಬಾಯಿಗೆ ಅವನೆಲ್ಲಿ ಬೀಗ ಹಾಕಿಯಾನು?

ಬಸವೇಶ್ವರಿ ಭಾಗಮ್ಮನ ಅಣ್ಣ ಅಂಬರಾಯನ ಮಗಳು. ತೆಂಗಳಿಯಲ್ಲಿ ಅವನದು ಒಕ್ಕಲುತನ. ಅವನ ಹೆಂಡತಿ ಜ್ವರ ಬಂದು ತೀರಿಕೊಂಡಾಗ ಈ ಹುಡುಗಿ ಇನ್ನೂ ಅಂಗನವಾಡಿಗೆ ಹೋಗುವ ಕೂಸು. ವರ್ಷ ತುಂಬುವ ಮೊದಲೇ ಅಂಬರಾಯ ಬೇರೆ ಮದುವೆಯಾದ. ಭಾಗಮ್ಮ ಹೋಗಿ ಕೂಸನ್ನು ಸೊಂಟದ ಮೇಲೆ ಕೂರಿಸಿಕೊಂಡು ಬಸ್ಸು ಹತ್ತಿ ಬಂದಳು. ಬಂದ ಕೆಲವೇ ದಿನಕ್ಕೆ, ಹಾಲು ಕುಡಿಸುತ್ತಾ ಕುಡಿಸುತ್ತಾ, ನನಗೆ ಅವ್ವ ಅನ್ನು ಅಂತ ಕೇಳಿದಳು. ಕೂಸು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಿತು. ಬಲವಂತ ಮಾಡಿದ್ದಕ್ಕೆ ಮೈ ಕೆಂಡದಂತೆ ಸುಟ್ಟು ಎರಡು ದಿನ ಕಣ್ಣು ಬಿಡಲಿಲ್ಲ. ಭಾಗಮ್ಮ ಮತ್ತೆ ಕೇಳಲಿಲ್ಲ. ಅಪ್ಪನ ತಂಗಿಗೆ ಅತ್ತಿ ಅನ್ನುವುದೇ ಸರಿ ಎಂದು ತಾನೇ ಹೇಳಿಕೊಟ್ಟಳು. ನನ್ನ ಮುಂದೆ ಮಾತ್ರ ಒಮ್ಮೆ, ಹಡೆದವಳಲ್ಲ ಅನ್ನುವುದು ಕೂಸಿಗೂ ಗೊತ್ತಾಗುತ್ತದೆ ನೋಡಿ ಅಕ್ಕೋರೇ ಅಂದಳು. ನಾನು ಗದರಿಸಿ ಬಾಯಿ ಮುಚ್ಚಿಸಿದೆ.

ಇನ್ನು ಆ ಗಿಡಗಳ ಮಾತು ಹೇಳಬೇಕು. ನಮ್ಮದು ತೊಗರಿಯ ಸೀಮೆ. ಹೂ ಬಿಡುವ ಕಾಲಕ್ಕೆ ಹೊಲವೆಲ್ಲ ಹಳದಿಯಾಗಿ ನಿಂತರೆ ಕೆಲವು ಗಿಡ ಮಾತ್ರ ಹೂವನ್ನೇ ಬಿಡುವುದಿಲ್ಲ. ಸಣ್ಣ ಸಣ್ಣ ಎಲೆ ತುಂಬಿಕೊಂಡು ಪೊದೆಯಂತೆ ಹಸಿರಾಗಿಯೇ ಉಳಿಯುತ್ತವೆ. ಹೂವಿಲ್ಲ, ಕಾಯಿಲ್ಲ. ಅದನ್ನು ಗೊಡ್ಡು ಎನ್ನುತ್ತಾರೆ. ಕೃಷಿ ಇಲಾಖೆಯವರು ಹಂಚುವ ಪುಸ್ತಕದಲ್ಲೂ ಗೊಡ್ಡು ರೋಗ ಎಂದೇ ಇದೆ. ಇಟ್ಟವನಿಗೆ ಬೇರೆ ಹೆಸರು ಸಿಗಲಿಲ್ಲವೋ ಏನೋ.

ಭಾಗಮ್ಮನ ಹೊಲದ ಬದುವಿಗೆ ಹೊಂದಿಕೊಂಡೇ ಶಾಂತಕುಮಾರನ ಹೊಲ. ಬಸವೇಶ್ವರಿ ಹೈಸ್ಕೂಲಿಗೆ ಬಂದ ವರ್ಷ ಅವನ ಹೆಂಡತಿಯ ಕುಬಸ ಆಯಿತು. ಬಸುರಿಗೆ ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ, ಹೆಂಗಸರೆಲ್ಲ ಉಡಿ ತುಂಬುವ ಶಾಸ್ತ್ರ. ಭಾಗಮ್ಮನೂ ಖಣ, ಕೊಬ್ಬರಿ ಬಟ್ಟಲು ಹಿಡಿದು ಸಾಲಿನಲ್ಲಿ ನಿಂತಳು. ಅವಳ ಪಾಳಿ ಬಂದಾಗ ಶಾಂತಕುಮಾರನ ತಾಯಿ ತಟ್ಟೆಯನ್ನು ತನ್ನ ಕಡೆ ಎಳೆದುಕೊಂಡು, ನೀನು ಊಟಕ್ಕೆ ಕೂಡವ್ವಾ ಅಂದಳು. ಬಹಳ ಮೆತ್ತಗೆ ಅಂದಳು. ನನಗೆ ಮೈಯೆಲ್ಲ ಉರಿಯಿತು, ಆ ಮನೆಯ ನೀರು ಕೂಡ ಮುಟ್ಟದೆ ಎದ್ದು ಬಂದೆ. ಭಾಗಮ್ಮ ಮನೆಗೆ ಬರದೆ ನೇರ ಹೊಲಕ್ಕೆ ಹೋದಳು. ಅಲ್ಲಿ ಆಳುಗಳು ತೊಗರಿ ಸಾಲಿನಲ್ಲಿ ಒಬ್ಬರಿಗೊಬ್ಬರು, ಗೊಡ್ಡದ, ಕಿತ್ತಿ ಒಗಿ, ಇದೂ ಗೊಡ್ಡದ, ಕಿತ್ತಿ ಒಗಿ ಎಂದು ಕೂಗುತ್ತಾ ಗಿಡ ಕೀಳುತ್ತಿದ್ದರು. ಭಾಗಮ್ಮ ಓಡಿ ಹೋಗಿ ಮುಂದಿದ್ದವಳ ಕೈ ಹಿಡಿದಳಂತೆ.

ಅಂದಿನಿಂದ ಅವಳ ಹೊಲದಲ್ಲಿ ಗೊಡ್ಡು ಗಿಡಕ್ಕೆ ಯಾರೂ ಕೈ ಹಚ್ಚುವಂತಿರಲಿಲ್ಲ. ಸುಗ್ಗಿಯಲ್ಲಿ ಉಳಿದದ್ದೆಲ್ಲ ಕೊಯ್ದರೂ ಬಾವಿ ದಂಡೆಯ ಮೇಲಿನವು ಹಾಗೇ ನಿಲ್ಲುತ್ತಿದ್ದವು. ಸುಡು ಬೇಸಿಗೆಯಲ್ಲಿ ಅವಕ್ಕೆ ಭಾಗಮ್ಮ ಕೊಡದಿಂದ ನೀರು ಹೊಯ್ಯುವಳು. ಮಂದಿ ಹಿಂದೆ ನಕ್ಕರು. ಕಲ್ಯಾಣಪ್ಪ ನೋಡಿಯೂ ನೋಡದಂತೆ ಇದ್ದ. ಬಸವೇಶ್ವರಿ ರಜೆಯಲ್ಲಿ ಪುಸ್ತಕ ಹಿಡಿದು ಕೂರುತ್ತಿದ್ದುದು ಅವುಗಳ ನೆರಳಿನಲ್ಲೇ.

ಪುಸ್ತಕದ ಮುಂದೆ ಹುಲಿ, ಮಂದಿಯ ಮುಂದೆ ಬೆಕ್ಕಿನ ಮರಿ, ಹಾಗಿತ್ತು ಆ ಹುಡುಗಿ. ಕ್ಲಾಸಿನಲ್ಲಿ ಎಬ್ಬಿಸಿ ನಿಲ್ಲಿಸಿದರೆ ಬಂದದ್ದೂ ಮರೆತು ಬೆವರುವಳು. ಅಗ್ರಿ ಸೀಟಿಗೆ ಕೃಷಿಕರ ಮಕ್ಕಳ ಕೋಟಾದಲ್ಲಿ ಒಂದು ಪ್ರಾಯೋಗಿಕ ಪರೀಕ್ಷೆ ಇರುತ್ತದೆ, ಬೀಜ, ಗೊಬ್ಬರ, ಸಲಕರಣೆ ಇಟ್ಟು ಗುರುತಿಸು ಎನ್ನುತ್ತಾರೆ. ಹುಟ್ಟಿದಾಗಿನಿಂದ ನೋಡಿದ ಕುಸುಬೆ ಬೀಜವನ್ನು ಅಂಗೈಯಲ್ಲಿ ಇಟ್ಟುಕೊಂಡು ಅವಳಿಗೆ ನಾಲಗೆ ಹೊರಳಲಿಲ್ಲವಂತೆ. ಪುಣ್ಯಕ್ಕೆ ಉತ್ತರ ಬರೆದು ಕೊಡುವುದಿತ್ತು. ಸೀಟು ಸಿಕ್ಕ ದಿನ ಅವಳು ಅತ್ತಳು. ಸಂತೋಷಕ್ಕೆ ಅಂತ ಭಾಗಮ್ಮ ತಿಳಿದಳು, ನನಗೆ ನಿಜ ಗೊತ್ತಿತ್ತು.

ಕಾಲೇಜಿಗೆ ಹೋದ ಮೇಲೆ ಫೋನು ನನಗೇ ಬರುತ್ತಿತ್ತು. ಭಾಗಮ್ಮನಿಗೆ ಮಾಡಿದರೆ ಅವಳು ಗಾಬರಿಯಾಗುತ್ತಾಳೆ ಅಂತ. ನಾನೇನು ಕಲ್ಲೇ? ಬೆಳಗಿನ ಮಂಜಿನಲ್ಲಿ ತನ್ನ ಪಾಲಿಗೆ ಕೊಟ್ಟ ತುಂಡು ಭೂಮಿಗೆ ಹೋಗಬೇಕು, ಹಾವಿನ ಭಯ. ಹುಳ ಹಿಡಿದು ಸೂಜಿಗೆ ಚುಚ್ಚಬೇಕು, ಅದರ ಕಾಲು ಒದ್ದಾಡುವುದನ್ನು ಕಂಡರೆ ಭಯ. ಎಲ್ಲಕ್ಕಿಂತ ದೊಡ್ಡದು ಬಾಯಿ ಪರೀಕ್ಷೆ. ಎರಡನೇ ವರ್ಷ ಒಂದು ವಿಷಯದಲ್ಲಿ ಮೇಷ್ಟ್ರ ಎದುರು ಒಂದೂ ಅಕ್ಷರ ಆಡದೆ ಕೂತು ಫೇಲಾದಳು. ಮತ್ತೆ ಕಟ್ಟಿ ಪಾಸಾದಳು. ನಾನು ಫೋನಿನಲ್ಲೇ ಗದರಿಸುವೆ, ಅವಳು ಹೂನ್ರಿ, ಹೂನ್ರಿ ಅನ್ನುವಳು. ಫೋನು ಇಟ್ಟ ಮೇಲೆ ನನಗೆ ಊಟ ಸೇರುತ್ತಿರಲಿಲ್ಲ.

ಮೂರನೇ ವರ್ಷದಲ್ಲಿ ಒಂದು ಮಧ್ಯಾಹ್ನ ಫೋನು ಬಂತು. ದನಿ ಬೇರೆಯೇ ಇತ್ತು. ಆ ದಿನ ಸಸ್ಯರೋಗದ ಪಾಠದಲ್ಲಿ ರಾಜರತ್ನ ಎಂಬ ಮೇಷ್ಟ್ರು ಗೊಡ್ಡು ರೋಗ ಹೇಳಿದ್ದರು. ಅವಳು ತಡೆದು ತಡೆದು ನನಗೆ ವಿವರಿಸಿದಳು. ಆ ಗಿಡ ಹುಟ್ಟಾ ಗೊಡ್ಡಲ್ಲ, ಅದಕ್ಕೆ ರೋಗ. ಕಣ್ಣಿಗೆ ಕಾಣದ ಒಂದು ನುಸಿ ಗಿಡದಿಂದ ಗಿಡಕ್ಕೆ ಅದನ್ನು ಒಯ್ಯುತ್ತದೆ. ಸುಗ್ಗಿ ಮುಗಿದ ಮೇಲೂ ಎಲ್ಲಾದರೂ ಹಸಿರು ಗೊಡ್ಡು ಗಿಡ ಉಳಿದಿದ್ದರೆ ನುಸಿ ಅದರಲ್ಲೇ ಬೇಸಿಗೆ ಕಳೆದು, ಮಳೆಗಾಲದಲ್ಲಿ ಗಾಳಿ ಹಿಡಿದು ಸುತ್ತಲಿನ ಎಳೆ ಬೆಳೆಗೆ ಹೋಗುತ್ತದೆ. ಅದಕ್ಕೆ ಕಂಡ ಕೂಡಲೇ ಕಿತ್ತು ಸುಡಬೇಕು.

ಬಾವಿ ದಂಡೆ ಕಣ್ಣ ಮುಂದೆ ಬಂತು. ಶಾಂತಕುಮಾರನ ಬದುವಿನ ಸಾಲು ವರ್ಷದಿಂದ ವರ್ಷಕ್ಕೆ ಗೊಡ್ಡಾಗುತ್ತಿತ್ತು. ಅದರ ಆಚೆಯ ಹೊಲಗಳಿಗೂ ಹಬ್ಬಿತ್ತು. ಅವನು ಬೀಜದ ಅಂಗಡಿಯವನ ಜೊತೆ ಜಗಳ ಆಡಿ ಬಂದಿದ್ದ.

“ಗೊಡ್ಡಿ ಹೊಲದಾಗಿಂದ ಊರಿಗೆಲ್ಲ ಗೊಡ್ಡು ಹತ್ತ್ಯಾದ ಅಂತಾರ್ರಿ ಅಕ್ಕೋರ,” ಅಂದಳು ಬಸವೇಶ್ವರಿ. “ಅತ್ತಿ ಆ ಮಾತು ಕೇಳಿ ಜೀವ ಇಟ್ಕೊಳ್ಳಲ್ಲ.”

ಆ ಮಾತು ಹಾಗೇ ಬರುತ್ತದೆ ಎಂದು ನನಗೂ ಗೊತ್ತಿತ್ತು. ನಮ್ಮ ಕಡೆ ಹೆಣ್ಣುಮಕ್ಕಳ ಅವಮಾನ ಕೊನೆಗೆ ಹೋಗಿ ಮುಟ್ಟುವುದು ಬಾವಿಯನ್ನೇ. ಭಾಗಮ್ಮನ ಬಾವಿ ಆಳವಾದದ್ದು, ಕಟ್ಟೆ ಇಲ್ಲದ್ದು.

ಊರಿಗೆ ಗೊತ್ತಾಗುವ ಮೊದಲು ನೀನೇ ಭಾಗಮ್ಮನಿಗೆ ಹೇಳಿಬಿಡು ಎಂದು ಬುದ್ಧಿ ಹೇಳಿದೆ. ಪ್ರತಿ ರಜೆಗೂ ಹೇಳಬೇಕೆಂದೇ ಬರುವಳು. ಬಂದು ಅತ್ತಿಯ ಜೊತೆ ಹೊಲಕ್ಕೆ ಹೋಗುವಳು. ಅತ್ತಿ ಗಿಡಕ್ಕೆ ನೀರು ಹೊಯ್ಯುವಾಗ ಬಾವಿಯಿಂದ ಕೊಡ ಸೇದಿ ಕೊಟ್ಟು ಬರುವಳು. ಹೇಳಿದರೆ, ನೀನು ಕಲಿತದ್ದು ನನ್ನನ್ನು ಕಿತ್ತು ಒಗೆಯಲಿಕ್ಕೇನು ಅಂತ ಅತ್ತಿ ಕೇಳಿದರೆ ಏನು ಉತ್ತರ ಕೊಡಲಿ ಎಂಬುದು ಅವಳ ಸಂಕಟ. ಅತ್ತಿಯ ಮನೆ ಬಿಟ್ಟರೆ ಆ ಹುಡುಗಿಗೆ ಬೇರೆ ಮನೆ ಇರಲಿಲ್ಲ. ತೆಂಗಳಿಗೆ ಅವಳು ನೆಂಟಳು ಮಾತ್ರ.

ನಾಲ್ಕನೇ ವರ್ಷ ಈ ಕೋರ್ಸಿನಲ್ಲಿ ವಿದ್ಯಾರ್ಥಿಗಳನ್ನು ಗುಂಪು ಮಾಡಿ ಹಳ್ಳಿಗೆ ಕಳಿಸುತ್ತಾರೆ. ತಿಂಗಳುಗಟ್ಟಲೆ ಅಲ್ಲೇ ಇದ್ದು, ರೈತರ ಜೊತೆ ಕೆಲಸ ಮಾಡಿ, ಕಲಿತದ್ದನ್ನು ಊರ ಮುಂದೆ ಹೇಳಿ ತೋರಿಸಬೇಕು. ಇದರಲ್ಲಿ ಪಾಸಾಗದೆ ಡಿಗ್ರಿ ಇಲ್ಲ. ಅವಳ ಗುಂಪಿಗೆ ಬಂದ ಊರು ಸುಲೇಪೇಟ. ಮನೆಯ ರೊಟ್ಟಿ ತಿಂದು ಇರಬಹುದು ಅಂತ ಗೆಳತಿಯರು ಕುಣಿದರು. ಇವಳು ಹಾಸ್ಟೆಲಿನ ಮೋರಿಯ ಮುಂದೆ ಕೂತು ವಾಂತಿ ಮಾಡಿಕೊಂಡಳಂತೆ.

ಭಾಗಮ್ಮನ ಸಂಭ್ರಮ ಮಾತ್ರ ಹೇಳತೀರದು. ಹುಡುಗಿಯರಿಗೆಲ್ಲ ರೊಟ್ಟಿ ಬಡಿದದ್ದೇ ಬಡಿದದ್ದು. ಬಸವೇಶ್ವರಿ ದಿನದಿನಕ್ಕೆ ಒಣಗಿದಳು. ಗುಂಪಿನವರು ಹೊಲ ಹೊಲ ತಿರುಗಿ ಎಲ್ಲೆಲ್ಲಿ ಗೊಡ್ಡು ಇದೆ ಅಂತ ನೋಡಿ ಬಂದಾಗ ಅತ್ತಿಯ ಹೊಲವನ್ನು ತಾನು ನೋಡಿಕೊಳ್ಳುತ್ತೇನೆಂದು ತನ್ನ ಪಾಲಿಗೆ ಇಟ್ಟುಕೊಂಡಳು.

ಕೊನೆಗೆ ಆ ದಿನ ಬಂತು. ತೊಗರಿ ಹೂವಿನಲ್ಲಿತ್ತು. ಬಸವಣ್ಣನ ಗುಡಿಯ ಮುಂದಿನ ಬಯಲು ಸಾರಿಸಿ ಹುಡುಗಿಯರು ರಂಗೋಲಿ ಪುಡಿಯಲ್ಲಿ ಊರಿನ ನಕ್ಷೆ ಬಿಡಿಸಿದರು. ಇದು ಅವರ ಪದ್ಧತಿ. ಬಿಳಿ ಗೆರೆಯಲ್ಲಿ ರಸ್ತೆ, ನೀಲಿಯಲ್ಲಿ ಹಳ್ಳ, ಹಸಿರಲ್ಲಿ ಹೊಲಗಳು, ಗೊಡ್ಡು ರೋಗ ಇದ್ದ ಹೊಲದ ಮೇಲೆ ಕೆಂಪು ಗುಲಾಲು. ಊರೇ ಸುತ್ತ ನಿಂತಿತ್ತು, ತಮ್ಮ ತಮ್ಮ ಮನೆ ಹುಡುಕುತ್ತಾ. ಶಾಂತಕುಮಾರ ಎದುರಿಗೇ ಇದ್ದ. ಅವನ ತಾಯಿ ಹೆಂಗಸರ ನಡುವೆ ಇದ್ದಳು. ಭಾಗಮ್ಮ ಹೊಸ ಇಳಕಲ್ ಸೀರೆ ಉಟ್ಟು ಬಂದು ಹಿಂದೆ ನಿಂತಳು. ನಾನು ಅವಳ ಪಕ್ಕ ಹೋಗಿ ನಿಂತೆ, ಯಾರಾದರೂ ನಗಲಿ, ನೋಡಿಕೊಳ್ಳುತ್ತೇನೆ ಎಂದು ಹಲ್ಲು ಕಚ್ಚಿಕೊಂಡು.

ರಾಜರತ್ನ ಮೇಷ್ಟ್ರು ಬಂದರು. ಒಳ್ಳೆಯ ಮನುಷ್ಯ, ಮೆತ್ತನೆಯ ಮಾತು. ನಕ್ಷೆಯ ಸುತ್ತ ಒಂದು ಸುತ್ತು ಹಾಕಿ ನಿಂತುಬಿಟ್ಟರು. ನನಗೂ ಆಗಲೇ ಕಂಡದ್ದು. ಊರಿನ ಪಡುವಣಕ್ಕೆ ಸುತ್ತ ಸುತ್ತ ಕೆಂಪು, ನಡುವೆ ಒಂದೇ ಒಂದು ಹೊಲ ಅಪ್ಪಟ ಹಸಿರು. ಮುಚ್ಚಿಡಬೇಕೆಂದು ಬಿಟ್ಟದ್ದೇ ಎಲ್ಲರ ಕಣ್ಣಿಗೆ ಹೊಡೆಯುತ್ತಿತ್ತು. ಸುತ್ತ ಇಷ್ಟು ರೋಗ ಇದ್ದಾಗ ಇದೊಂದು ಹೇಗೆ ಉಳಿಯಿತು, ಇದು ಯಾರ ಹೊಲ, ಹೇಳಮ್ಮಾ ಎಂದು ಅವರು ಬಸವೇಶ್ವರಿಯನ್ನೇ ಕೇಳಿದರು.

ಅವಳು ಬಾಯಿ ತೆರೆದಳು. ಏನೂ ಬರಲಿಲ್ಲ. ಊರೆಲ್ಲ ಬಗ್ಗಿ ಆ ಹಸಿರು ತುಂಡನ್ನು ನೋಡಿತು. ಶಾಂತಕುಮಾರ ತನ್ನ ಹೊಲ ಗುರುತಿಸಿ, ಬದುವಿನ ಗೆರೆ ದಾಟಿ, ಕತ್ತೆತ್ತಿದ. ಅವನಿಗೆ ತಿಳಿಯಿತು. ಅವನ ತುಟಿ ಅಲುಗಿತು. ಆ ಮಾತು ಈಗ ಬರುತ್ತದೆ, ಇಷ್ಟು ಮಂದಿಯ ನಡುವೆ ಬರುತ್ತದೆ ಎಂದು ನಾನು ಅವನ ಬಾಯನ್ನೇ ನೋಡುತ್ತಾ ನಿಂತೆ. ಪಕ್ಕದಲ್ಲಿ ಭಾಗಮ್ಮ ಸೆರಗನ್ನು ಬಿಗಿಯಾಗಿ ಹೊದ್ದುಕೊಂಡಳು. ಅವಳಿಗೂ ತಿಳಿದಿತ್ತು.

ಬಸವೇಶ್ವರಿ ಗುಲಾಲಿನ ಬಟ್ಟಲು ಎತ್ತಿಕೊಂಡಳು. ಬಟ್ಟಲು ವಾಲಿ ದಾರಿಯುದ್ದಕ್ಕೂ ಕೆಂಪು ಸುರಿದು ಗುಡಿಯ ಮೇಲೆ, ಶಾಲೆಯ ಮೇಲೆ ಎಲ್ಲ ಬಿತ್ತು. ಆ ಹಸಿರು ಹೊಲದ ಮುಂದೆ ಮೊಣಕಾಲೂರಿ ಮುಷ್ಟಿ ತುಂಬ ಗುಲಾಲು ಸುರಿದಳು.

“ನಮ್ಮವ್ವನ ಹೊಲರಿ ಸರ್,” ಅಂದಳು. “ರೋಗ ಇಲ್ಲಿಂದನ ಹೊಂಟದ. ನನಗ ಮೊದಲ ಗೊತ್ತಿತ್ತು.”

ಸಣ್ಣ ದನಿ, ಆದರೆ ಬಯಲಿನ ಕೊನೆಗೂ ಕೇಳಿತು. ಶಾಂತಕುಮಾರನ ಬಾಯಿ ತೆರೆದದ್ದು ತೆರೆದ ಹಾಗೇ ಉಳಿಯಿತು. ಅವ್ವ ಎಂದು ಕರೆಸಿಕೊಂಡವಳನ್ನು ಗೊಡ್ಡಿ ಎನ್ನುವುದು ಹೇಗೆ? ಅವನ ತಾಯಿ ಸೆರಗು ಬಾಯಿಗೆ ಹಿಡಿದು ಬೇರೆ ಕಡೆ ನೋಡಿದಳು. ಹುಡುಗಿ ನಿಲ್ಲಲಿಲ್ಲ. ನಿಂತರೆ ಮತ್ತೆ ಬಾಯಿ ಕಟ್ಟೀತು ಎಂದು ಹೆದರಿದವಳಂತೆ ನುಸಿ, ಗಾಳಿ, ಬೇಸಿಗೆ, ಬಾವಿ ದಂಡೆ ಎಲ್ಲ ಒಂದೇ ಉಸಿರಿಗೆ ಹೇಳಿ ಮುಗಿಸಿದಳು.

ನಾನು ಅಭಿಮಾನದಿಂದ ಪಕ್ಕಕ್ಕೆ ತಿರುಗಿದೆ. ಭಾಗಮ್ಮ ಇರಲಿಲ್ಲ.

ಯಾವಾಗ ಹೋದಳೋ ನಾನು ನೋಡಲಿಲ್ಲ. ಹೊಲದ ಕಡೆ ಬಿರಬಿರನೆ ಹೋದಳು ಅಂತ ಒಬ್ಬಳು ಹೇಳಿದಳು. ಬಸವೇಶ್ವರಿ ಕೇಳಿಸಿಕೊಂಡಳು. ಬಟ್ಟಲು ಕೈಯಿಂದ ಬಿತ್ತು. ನಕ್ಷೆಯ ರಸ್ತೆ ಹಳ್ಳ ಎಲ್ಲ ತುಳಿದು ಓಡಿದಳು. ಅವಳ ಹಿಂದೆ ಕಲ್ಯಾಣಪ್ಪ, ಅವನ ಹಿಂದೆ ಈ ಮಂಡಿನೋವಿನ ಮುದುಕಿ. ಎರೆ ಮಣ್ಣಿನ ದಾರಿಯಲ್ಲಿ ಒಂದು ಚಪ್ಪಲಿ ಎಲ್ಲಿ ಬಿಟ್ಟೆನೋ ಗೊತ್ತಿಲ್ಲ. ರಾಯರೇ, ಬಾವಿಯೊಂದು ಬೇಡ, ಬಾವಿಯೊಂದು ಬೇಡ ಎಂದು ಬಡಬಡಿಸುತ್ತಾ ಓಡಿದೆ. ಕಲ್ಯಾಣಪ್ಪ ಹೆಂಡತಿಯ ಹೆಸರು ಹಿಡಿದು ಕೂಗಿದ. ಉತ್ತರ ಬರಲಿಲ್ಲ. ತೊಗರಿ ತಲೆಯೆತ್ತರ ಬೆಳೆದಿತ್ತು, ಬಾವಿ ಕಾಣುತ್ತಿರಲಿಲ್ಲ.

ಸಾಲು ದಾಟಿ ಹೊರಗೆ ಬಂದರೆ ಬಾವಿಯ ಅಂಚಿನಲ್ಲಿ, ಒಂದು ಹೆಜ್ಜೆ ಜಾರಿದರೆ ಮುಗಿಯಿತು ಅನ್ನುವ ಜಾಗದಲ್ಲಿ, ಭಾಗಮ್ಮ ಹೊಸ ಸೀರೆಗೆ ಕಚ್ಚೆ ಹಾಕಿ ಬಗ್ಗಿ ನಿಂತಿದ್ದಳು. ಎರಡೂ ಕೈಯಲ್ಲಿ ಒಂದು ಗೊಡ್ಡು ಗಿಡದ ಬುಡ. ಮೈಯ ಭಾರವೆಲ್ಲ ಹಾಕಿ ಎಳೆದಳು. ನೀರುಂಡ ಬೇರು ಹಸಿ ಮಣ್ಣಿನ ಹೆಂಟೆಯ ಸಮೇತ ಕಿತ್ತು ಬಂತು. ಪಕ್ಕದಲ್ಲಿ ಆಗಲೇ ಒಂದು ಗುಪ್ಪೆ. ಶಾಂತಕುಮಾರನೂ ಏದುಸಿರು ಬಿಡುತ್ತಾ ಬಂದು ನಿಂತಿದ್ದ. ಕೈ ಜೋಡಿಸಲು ಮುಂದೆ ಬಂದವನನ್ನು ಭಾಗಮ್ಮ ನೋಡಿದ ನೋಟಕ್ಕೆ ಅವನು ಹಿಂದೆ ಸರಿದ. ಅವು ಅವಳ ಗಿಡ, ಅವಳೇ ಕೀಳಬೇಕು.

ನಾನು ಅಲ್ಲೇ ಮಣ್ಣಿನಲ್ಲಿ ಕುಸಿದೆ. ಸಿಟ್ಟು ಬಂದಿತ್ತು, ಬೈಯಲು ಉಸಿರಿರಲಿಲ್ಲ.

ಇವನ್ನು ಸುಡಬೇಕೋ, ಹುಗಿಯಬೇಕೋ ಎಂದು ಭಾಗಮ್ಮ ಯಾರ ಮುಖವನ್ನೂ ನೋಡದೆ ಕೇಳಿದಳು. ಸುಡಬೇಕು ಎಂದಳು ಬಸವೇಶ್ವರಿ. ಒಂದನ್ನೂ ಉಳಿಸಿಕೊಳ್ಳುವಂತಿಲ್ಲವೇ ಎಂದು ಭಾಗಮ್ಮ ಮತ್ತೆ ಕೇಳಿದಳು. ಇಲ್ಲ ಎಂದಳು ಹುಡುಗಿ. ದನಿ ನಡುಗಿತು, ಮಾತು ನಡುಗಲಿಲ್ಲ. ಭಾಗಮ್ಮ ಮುಂದಿನ ಗಿಡಕ್ಕೆ ಬಗ್ಗಿದಳು. ಬಗ್ಗಿದವಳು ಅದನ್ನು ಕೀಳದೆ ಹಾಗೇ ನಿಂತಳು.

“ಇಷ್ಟು ವರ್ಷ ಅವ್ವ ಅಂತ ಯಾಕ ಅಂದಿಲ್ಲ ಕೇಳ್ರಿ ಅಕ್ಕೋರ, ನಿಮ್ಮ ಹುಡುಗಿಗಿ.”

ನಾನು ಕೇಳುವ ಅಗತ್ಯ ಬೀಳಲಿಲ್ಲ.

“ಅಂಜಿಕಿ ಇತ್ತು,” ಅಂದಳು ಬಸವೇಶ್ವರಿ. “ನಾ ಅವ್ವ ಅಂದಾಕಿ ಒಬ್ಬಾಕಿ ಹೋದಳು. ನಿನಗೂ ಅಂದರ ನೀನೂ ಹೋಗ್ತಿ ಅಂತ. ಇವತ್ತ ಅಂದೆ, ನೀ ಬಾವಿ ಕಡಿ ಬಂದಿ.”

ಭಾಗಮ್ಮ ಗಿಡ ಬಿಟ್ಟು ಎದ್ದು ಬಂದಳು. ಮಣ್ಣು ಮೆತ್ತಿದ ಕೈಯಲ್ಲೇ ಅವಳ ಮುಖ ಹಿಡಿದುಕೊಂಡಳು.

“ನಾ ಎಲ್ಲಿಗಿ ಹೋಗ್ಲಿ,” ಅಂದಳು. “ಇನ್ನಾ ಎರಡು ಅವ. ಬಾ, ಬುಡಕ್ಕ ಕೈ ಹಚ್ಚು.”